ಹೊಟ್ಟೆಯನ್ನೇ ಮುಖ ಅಂದುಕೊಳ್ಳಿ: ಗ್ಯಾರೇಜಿನಲ್ಲಿ ಎಕ್ಸ್-59 ಕಟ್ಟುವ ಬಗೆ

ನನ್ನ ಮಗಳ ಮನೆ ಇರುವುದು ಕ್ಯಾಲಿಫೋರ್ನಿಯಾದ ಲ್ಯಾಂಕಾಸ್ಟರ್‌ನಲ್ಲಿ. ಮರುಭೂಮಿ ಊರು. ದಕ್ಷಿಣಕ್ಕೆ ಪಾಮ್‌ಡೇಲ್, ಈಶಾನ್ಯಕ್ಕೆ ಎಡ್ವರ್ಡ್ಸ್ ವಾಯುನೆಲೆ. ಆಗಾಗ ಆಕಾಶದಿಂದ 'ಢಂ-ಢಂ' ಅಂತ ಜೋಡಿ ಸದ್ದು ಬರುತ್ತದೆ, ಕಿಟಕಿ ಗಾಜು ಗಡಗಡ ಅನ್ನುತ್ತದೆ. ಮೊದಲ ಸಲ ಕೇಳಿದಾಗ ನನ್ನಾಕೆ ಒಗ್ಗರಣೆ ಸೌಟನ್ನೇ ಕೈಬಿಟ್ಟಳು. "ಏನ್ರೀ ಅದು, ಸಿಲಿಂಡರ್ರಾ?" ಅಂದಳು. ಅಲ್ಲ, ಯಾವುದೋ ಯುದ್ಧವಿಮಾನ ಸದ್ದಿನ ವೇಗ ದಾಟಿತ್ತು ಅಷ್ಟೆ.

ಈ ಸದ್ದನ್ನು ಅಡಗಿಸೋಕೆ ಅಂತಲೇ ನಾಸಾ ಒಂದು ವಿಮಾನ ಕಟ್ಟಿಸಿದೆ. ಹೆಸರು ಎಕ್ಸ್-59. ಕಟ್ಟಿದ್ದು ಇಲ್ಲೇ ಪಾಮ್‌ಡೇಲ್‌ನಲ್ಲಿ, ಲಾಕ್‌ಹೀಡ್ ಮಾರ್ಟಿನ್ ಕಂಪನಿಯ ಹೊಸ ಬಗೆಯ ವಿಮಾನಗಳ ವಿಭಾಗ ಸ್ಕಂಕ್ ವರ್ಕ್ಸ್‌ನಲ್ಲಿ. 2025ರ ಅಕ್ಟೋಬರ್ 28ರ ಬೆಳಿಗ್ಗೆ ಅದು ಮೊದಲ ಸಲ ಹಾರಿತು. ನಾನೂ ಮೊಮ್ಮಗನೂ ರಸ್ತೆ ಬದಿ ನಿಂತಿದ್ದೆವು. ಎಲ್ಲರೂ ಅದರ ಉದ್ದ ಮೂತಿ ನೋಡಿ ಬಾಯಿ ಬಿಟ್ಟರು. ನಾನು ನೋಡಿದ್ದು ಹೊಟ್ಟೆಯನ್ನು. ಮೂವತ್ತನಾಲ್ಕು ವರ್ಷ ವಿಮಾನದ ಒಡಲು ಜೋಡಿಸುವ ಶಾಪ್‌ನಲ್ಲಿ ಫಿಟ್ಟರ್ ಆಗಿದ್ದವನು ನಾನು. ಹೊಟ್ಟೆ ನೋಡಿ ಅಭ್ಯಾಸ.

ಮನೆಗೆ ಬಂದು ಅದರ ಮಾದರಿ ಕಟ್ಟಲು ಕೂತೆ. ಎರಡೂವರೆ ತಿಂಗಳು ಹಿಡಿಯಿತು. ನೀವೂ ಕಟ್ಟಬಹುದು. ಎಲ್ಲಿ ಎಡವಿದೆ, ಯಾವುದನ್ನು ಮೊದಲು ಮಾಡಬೇಕು, ನಿಜ ವಿಮಾನವನ್ನು ಅವರು ಹೇಗೆ ಕೂಡಿಸಿದರು, ಎಲ್ಲ ಸೇರಿಸಿ ಹೇಳುತ್ತೇನೆ. ಇದು ಹಾರುವ ಮಾದರಿ ಅಲ್ಲ. ಮೇಜಿನ ಮೇಲೆ ನಿಲ್ಲುವಂಥದ್ದು.

ಸದ್ದು ಎಲ್ಲಿಂದ ಬರುತ್ತದೆ ಅಂತ ಗೊತ್ತಿದ್ದರೆ ಕೈ ತಾನಾಗಿ ಸರಿಯಾದ ಕಡೆ ಜಾಗ್ರತೆ ವಹಿಸುತ್ತದೆ. ಅದಕ್ಕೇ ಮೊದಲು ಅದು.

ವಿಮಾನ ಸದ್ದಿಗಿಂತ ವೇಗವಾಗಿ ಹೋಗುವಾಗ ಮುಂದಿರುವ ಗಾಳಿಗೆ ಪಕ್ಕಕ್ಕೆ ಸರಿಯಲು ಸಮಯವೇ ಸಿಗುವುದಿಲ್ಲ. ಮೂತಿ, ಪೈಲಟ್‌ನ ಗಾಜು, ರೆಕ್ಕೆಯ ಅಂಚು, ಎಂಜಿನ್ ಬಾಯಿ, ಬಾಲ: ಆಕಾರ ಬದಲಾಗುವ ಪ್ರತಿ ಜಾಗದಲ್ಲೂ ಒಂದೊಂದು ಶಾಕ್ ವೇವ್, ಅಂದರೆ ಗಾಳಿ ಥಟ್ಟನೆ ಒತ್ತಿಕೊಂಡ ಅಲೆ, ಹುಟ್ಟುತ್ತದೆ. ಮಾಮೂಲಿ ವಿಮಾನದಲ್ಲಿ ಈ ಅಲೆಗಳು ನೆಲಕ್ಕೆ ಬರುವಷ್ಟರಲ್ಲಿ ಒಂದರೊಳಗೊಂದು ಸೇರಿ ಎರಡೇ ದೊಡ್ಡ ಅಲೆಗಳಾಗುತ್ತವೆ. ಒಂದು ಮೂತಿಯದು, ಒಂದು ಬಾಲದ್ದು. ಅದೇ 'ಢಂ-ಢಂ'. ಈ ಅಲೆಗಳು ಒಟ್ಟು ಸೇರದ ಹಾಗೆ ನೋಡಿಕೊಂಡರೆ? ಸಣ್ಣ ಸಣ್ಣ ತುಂಡುಗಳಾಗಿ, ಒಂದರ ಹಿಂದೊಂದು ನಿಧಾನವಾಗಿ ನೆಲ ತಲುಪುತ್ತವೆ. ಪಕ್ಕದ ರಸ್ತೆಯಲ್ಲಿ ಯಾರೋ ಕಾರಿನ ಬಾಗಿಲು ಹಾಕಿದ ಹಾಗೆ ಒಂದು 'ಧಪ್'. ಇದನ್ನು ಲೆಕ್ಕ ಹಾಕಿ ತೋರಿಸಿದವರು ಸೀಬಾಸ್ ಮತ್ತು ಜಾರ್ಜ್ ಎಂಬ ಇಬ್ಬರು, 1970ರ ಆಸುಪಾಸಿನಲ್ಲಿ. 2003ರಲ್ಲಿ ಒಂದು ಹಳೆಯ ಎಫ್-5 ಯುದ್ಧವಿಮಾನಕ್ಕೆ ಪೆಲಿಕನ್ ಹಕ್ಕಿಯ ಕೊಕ್ಕಿನಂಥ ಮೂತಿ ಕಟ್ಟಿ, ಇದೇ ಮರುಭೂಮಿಯ ಮೇಲೆ ಹಾರಿಸಿ, ಲೆಕ್ಕ ಸರಿ ಅಂತ ಖಾತ್ರಿ ಮಾಡಿಕೊಂಡರು.

ನಮ್ಮ ಬೆಂಗಳೂರಿನವರಿಗೆ 2020ರ ಮೇ 20 ನೆನಪಿರಬೇಕು. ಲಾಕ್‌ಡೌನ್ ಸಮಯ, ಮಧ್ಯಾಹ್ನ ಊರೆಲ್ಲ ನಡುಗುವ ಹಾಗೆ ಒಂದು ಸದ್ದು. ಭೂಕಂಪ ಅಂದರು, ಇನ್ನೂ ಏನೇನೋ ಅಂದರು. ನನ್ನ ತಮ್ಮ ಫೋನ್ ಮಾಡಿ "ಅಣ್ಣಾ, ಗೋಡೆ ಬಿರುಕು ಬಿಡ್ತೇನೋ ಅನ್ನಿಸ್ತು" ಅಂದ. ಆಮೇಲೆ ರಕ್ಷಣಾ ಇಲಾಖೆಯೇ ಹೇಳಿತು: ವಾಯುಪಡೆಯ ಪರೀಕ್ಷಾ ವಿಮಾನ, ಸದ್ದಿಗಿಂತ ಹೆಚ್ಚಿನ ವೇಗದಿಂದ ಕಡಿಮೆ ವೇಗಕ್ಕೆ ಬರುವಾಗ, 36 ರಿಂದ 40 ಸಾವಿರ ಅಡಿ ಎತ್ತರದಲ್ಲಿ. ಊರಿನಿಂದ ಅಷ್ಟು ದೂರ ಹಾರುತ್ತಿದ್ದದ್ದು ಅಷ್ಟು ಸದ್ದು ಮಾಡಿತು. ಅಮೆರಿಕದಲ್ಲಿ 1964ರಲ್ಲಿ ಒಕ್ಲಹೋಮಾ ಸಿಟಿ ಮೇಲೆ ಆರು ತಿಂಗಳು ಬೇಕಂತಲೇ ಇಂಥ 1,253 ಸದ್ದು ಮಾಡಿಸಿ ಜನ ಏನನ್ನುತ್ತಾರೆ ನೋಡಿದರು. ಜನ ಏನಂದಿರಬಹುದು ಅಂತ ನಾನು ಬೇರೆ ಹೇಳಬೇಕಾ? 1973ರಲ್ಲಿ ನೆಲದ ಮೇಲೆ ಹಾರುವಾಗ ನಾಗರಿಕ ವಿಮಾನಗಳು ಸದ್ದಿನ ವೇಗ ದಾಟುವುದನ್ನೇ ನಿಷೇಧಿಸಿದರು.

ಎಕ್ಸ್-59ರ ಗುರಿ, ನೆಲಕ್ಕೆ ಕೇಳುವ ಸದ್ದು ಸುಮಾರು 75 ಡೆಸಿಬಲ್ ಅಷ್ಟೇ ಇರಬೇಕು ಅಂತ. ಸದ್ದಿಗಿಂತ ವೇಗವಾಗಿ ಜನರನ್ನು ಒಯ್ಯುತ್ತಿದ್ದ ಹಳೆಯ ವಿಮಾನ ಕಾನ್‌ಕಾರ್ಡ್‌ನದು ಅದೇ ಅಳತೆಯಲ್ಲಿ 105. ಈ ವ್ಯತ್ಯಾಸ ಬರುವುದು ಯಾವ ಯಂತ್ರದಿಂದಲೂ ಅಲ್ಲ, ಸೈಲೆನ್ಸರ್‌ನಿಂದಲೂ ಅಲ್ಲ. ಬರೀ ಆಕಾರದಿಂದ. ಅದರಲ್ಲೂ ನೆಲ ನೋಡುವ ಕಡೆಯ ಆಕಾರದಿಂದ.

ಅಳತೆ ಮತ್ತು ಸಾಮಾನು

ನಿಜ ವಿಮಾನ 99.7 ಅಡಿ ಉದ್ದ, ಅಂದರೆ 30.4 ಮೀಟರ್. ರೆಕ್ಕೆಯ ತುದಿಯಿಂದ ತುದಿಗೆ 29.5 ಅಡಿ, 9 ಮೀಟರ್. ಎತ್ತರ 14 ಅಡಿ. ಉದ್ದ ಅಗಲದ ಮೂರು ಪಟ್ಟಿಗಿಂತ ಜಾಸ್ತಿ ನೋಡಿ. ನನ್ನಾಕೆ ಚಿತ್ರ ನೋಡಿ "ಕೊಕ್ಕರೆ ಇದ್ದ ಹಾಗಿದೆ" ಅಂದದ್ದು ಸುಳ್ಳಲ್ಲ.

ನಾನು 1:32 ಆರಿಸಿಕೊಂಡೆ, ಅಂದರೆ ನಿಜ ಅಳತೆಯ 32ನೇ ಒಂದು ಭಾಗ. ಉದ್ದ 950 ಮಿಲಿಮೀಟರ್, ರೆಕ್ಕೆ 281, ಎತ್ತರ 133. ಕಾರಣ ಎರಡು. ಈ ಅಳತೆಯಲ್ಲಿ ಎಫ್-16 ಯುದ್ಧವಿಮಾನದ ಚಕ್ರಗಳು ಹಾಬಿ ಅಂಗಡಿಯಲ್ಲಿ ಸಿಗುತ್ತವೆ. ಅದು ಯಾಕೆ ಬೇಕು ಅಂತ ಮುಂದೆ ಹೇಳುತ್ತೇನೆ. ಎರಡನೆಯದು, ಇದನ್ನು ಮೈಸೂರಿಗೆ ಒಯ್ಯಬೇಕು. ಮೂತಿ ಬಿಚ್ಚಿದರೆ ಉಳಿದದ್ದು 640 ಮಿಲಿಮೀಟರ್, ದೊಡ್ಡ ಸೂಟ್‌ಕೇಸಿಗೆ ಸರಿಯಾಗಿ ಹಿಡಿಯುತ್ತದೆ. ನೀವು ಎಲ್ಲಿಗೂ ಒಯ್ಯುವುದಿಲ್ಲ ಅಂದರೆ 1:24 ಮಾಡಿ, ಕೆಲಸ ಸುಲಭ.

ಬೇಕಾದದ್ದು: ಮನೆಯ ಗೋಡೆಗೆ ಶಾಖ ತಡೆಯಲು ಹಾಕುವ ಗಟ್ಟಿ ಫೋಮ್ ಹಲಗೆ, ಗುಲಾಬಿ ಅಥವಾ ನೀಲಿ ಬಣ್ಣದ್ದು. ಕಾಫಿ ಲೋಟದ ಬಿಳಿ ಥರ್ಮೋಕೋಲ್ ಬೇಡ, ಕಾಳು ಕಾಳಾಗಿ ಉದುರುತ್ತದೆ. ಒಂದೂವರೆ ಮಿಲಿಮೀಟರ್ ಪ್ಲೈವುಡ್. ನಾಲ್ಕು ಮಿಲಿಮೀಟರ್ ಬಾಲ್ಸಾ ಹಲಗೆ ರೆಕ್ಕೆಗೆ. ಬಿದಿರು ಕಡ್ಡಿ, ಕಬಾಬ್‌ಗೆ ಚುಚ್ಚುತ್ತಾರಲ್ಲ, ಅದು. ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ. ಗೋಡೆ ಪುಟ್ಟಿ, ಹಗುರವಾದದ್ದು. 220 ಮತ್ತು 400ರ ಉಪ್ಪುಕಾಗದ. ಮುಕ್ಕಾಲು ಇಂಚಿನ ಪಿವಿಸಿ ಪೈಪಿನ ಒಂದು ತುಂಡು. ಮತ್ತೆ ಒಂದು ಬಾಣ. ಹೌದು, ಬಿಲ್ಲು-ಬಾಣದ ಬಾಣ. ಕ್ರೀಡಾ ಸಾಮಾನಿನ ಅಂಗಡಿಯಲ್ಲಿ ಕಾರ್ಬನ್ ಫೈಬರ್‌ನದು ಬಿಡಿಯಾಗಿ ಸಿಗುತ್ತದೆ.

ಎಪಾಕ್ಸಿಗೆ ಕೈಗವಸು ಬೇಕು. ಕಾರ್ಬನ್ ಕತ್ತರಿಸುವಾಗ ಮಾಸ್ಕ್ ಬೇಕು, ಮತ್ತು ಒದ್ದೆ ಮಾಡಿಕೊಂಡೇ ಕತ್ತರಿಸಿ. ಆ ಧೂಳು ಶ್ವಾಸಕೋಶಕ್ಕೂ ಒಳ್ಳೆಯದಲ್ಲ, ಚರ್ಮಕ್ಕೆ ತಗುಲಿದರೆ ಎರಡು ದಿನ ಕೆರೆಯುತ್ತದೆ.

ನಾಸಾ ಬಿಡುಗಡೆ ಮಾಡಿರುವ ಮೇಲಿನ, ಪಕ್ಕದ, ಮುಂದಿನ ನೋಟಗಳನ್ನು 950 ಮಿಲಿಮೀಟರ್‌ಗೆ ಹಿಗ್ಗಿಸಿ ಪ್ರಿಂಟ್ ಹಾಕಿಸಿ. ತುಂಡು ತುಂಡಾಗಿ ಹಾಕಿಸಿದರೆ ಅಂಟಿಸುವಾಗ ಸ್ಕೇಲ್ ಇಟ್ಟು ಪರೀಕ್ಷಿಸಿ. ನನ್ನದು ಮೊದಲ ಸಲ 943 ಬಂದಿತ್ತು. ಪ್ರಿಂಟರ್ ತಾನೇ 'ಪುಟಕ್ಕೆ ಹೊಂದಿಸಿ' ಅಂದುಕೊಂಡಿತ್ತು.

ಮೊದಲು ತೂತು, ಆಮೇಲೆ ಅಂಟು

ಪಕ್ಕದ ನೋಟವನ್ನು, ಮೂತಿಯ ಭಾಗ ಬಿಟ್ಟು, ಪ್ಲೈವುಡ್ ಮೇಲೆ ಅಂಟಿಸಿ ಹಾಗೇ ಕತ್ತರಿಸಿ. ಇದು ಬೆನ್ನುಮೂಳೆ. ಎಡಕ್ಕೆ ಒಂದು, ಬಲಕ್ಕೆ ಒಂದು ಫೋಮ್ ತುಂಡು ಅಂಟಿಸಿ ಕೆತ್ತುತ್ತೀರಿ. ಹೀಗೆ ಮಾಡಿದರೆ ಪಕ್ಕದ ಆಕಾರ ಎಂದೂ ತಪ್ಪುವುದಿಲ್ಲ. ಉಪ್ಪುಕಾಗದ ಪ್ಲೈವುಡ್ ಅಂಚಿಗೆ ಬಂದು ನಿಲ್ಲುತ್ತದೆ, ಕೈಗೆ ಗೊತ್ತಾಗುತ್ತದೆ.

ಅಂಟಿಸುವ ಮುಂಚೆ ಒಂದು ಕೆಲಸ. ಎಡ ಫೋಮ್, ಪ್ಲೈವುಡ್, ಬಲ ಫೋಮ್ ಮೂರನ್ನೂ ಒತ್ತಿ ಹಿಡಿದು, ಐದು ಕಡೆ ಒಟ್ಟಿಗೇ ತೂತು ಹಾಕಿ. ಬಿದಿರು ಕಡ್ಡಿ ಬಿಗಿಯಾಗಿ ಕೂರುವಷ್ಟು. ಆಮೇಲೆ ಬಿಚ್ಚಿ, ಅಂಟು ಹಚ್ಚಿ, ಕಡ್ಡಿ ತೂರಿಸಿ ಮತ್ತೆ ಸೇರಿಸಿ. ಈಗ ಯಾವ ತುಂಡೂ ಜಾರುವುದಿಲ್ಲ. ತೂತೇ ಜಾಗ ಹೇಳುತ್ತದೆ.

ಇದು ನನ್ನ ಸ್ವಂತ ಉಪಾಯ ಅಲ್ಲ. ಎಕ್ಸ್-59 ಜೋಡಿಸಿದ ಬಗೆಯೇ ಇದು. ನಮ್ಮ ಕಾಲದಲ್ಲಿ ಭಾಗಗಳಿಗೆ ದಾರಿ ತೋರಿಸುವ ಸಣ್ಣ ತೂತು ಮಾತ್ರ ಇರುತ್ತಿತ್ತು, ಪೈಲಟ್ ತೂತು ಅನ್ನುತ್ತಿದ್ದೆವು. ಜಿಗ್ ಅನ್ನುವ ದೊಡ್ಡ ಕಬ್ಬಿಣದ ಚೌಕಟ್ಟಿನೊಳಗೆ ಎಲ್ಲವನ್ನೂ ಹಿಡಿದು ನಿಲ್ಲಿಸಿ, ಸದ್ಯಕ್ಕೆ ಹಿಡಿದಿಡಲು ಸ್ಕಿನ್ ಪಿನ್ ಚುಚ್ಚಿ, ಮತ್ತೆ ದೊಡ್ಡ ಡ್ರಿಲ್, ಮತ್ತೆ ತೂತನ್ನು ಸರಿ ಅಳತೆಗೆ ತರುವ ರೀಮರ್, ಮತ್ತೆ ಬಿಚ್ಚಿ ತೂತಿನ ಅಂಚಿನ ಚೂಪು ತೆಗೆದು ಮತ್ತೆ ಜೋಡಿಸುವುದು. ಪಾಮ್‌ಡೇಲ್‌ನವರು ಅನೇಕ ಭಾಗಗಳಿಗೆ ಮೊದಲೇ ಪೂರ್ತಿ ಅಳತೆಯ ತೂತು ಹಾಕಿಸಿಕೊಂಡು ಬಂದರು. ತೂತಿಗೆ ತೂತು ಕೂಡಿದರೆ ಭಾಗ ತನ್ನ ಜಾಗದಲ್ಲಿದೆ ಅಂತ ಅರ್ಥ. ಮಕ್ಕಳ ಲೆಗೋ ಥರ. ರೆಕ್ಕೆಗೆ ತೂತು ಹಾಕಲು ಕೋಬ್ರಾ ಅನ್ನುವ ರೋಬೋಟ್ ಬೇರೆ ಇತ್ತು.

ಹೊಟ್ಟೆಕಿಚ್ಚು ಆಯಿತು ಅಂತ ಒಪ್ಪಿಕೊಳ್ಳುತ್ತೇನೆ. ಕೆಲಸಕ್ಕೆ ಸೇರಿದ ಮೂರನೇ ವರ್ಷ ನಾನು ಒಂದು ಫ್ರೇಮಿನಲ್ಲಿ ತೂತನ್ನು ಮೊಟ್ಟೆ ಆಕಾರ ಮಾಡಿಬಿಟ್ಟಿದ್ದೆ. ಕೈ ಡ್ರಿಲ್ ಒಂದಿಷ್ಟು ಓರೆಯಾಗಿತ್ತು, ಅಷ್ಟೇ. ಕಣ್ಣಿಗೆ ಕಾಣುತ್ತಲೂ ಇರಲಿಲ್ಲ. ನನ್ನ ಮೇಸ್ತ್ರಿ ಗೇಜ್ ಪಿನ್ ಇಳಿಬಿಟ್ಟು, ಅದು ಅಲ್ಲಾಡುವುದನ್ನು ತೋರಿಸಿ, ಏನೂ ಹೇಳದೆ ಹೋದರು. ಬೈದಿದ್ದರೆ ಚೆನ್ನಾಗಿತ್ತು. ಆ ಫ್ರೇಮ್ ಮೂರು ವಾರ ನನ್ನ ಬೆಂಚಿನ ಪಕ್ಕದಲ್ಲೇ ಕೆಂಪು ಚೀಟಿ ಕಟ್ಟಿಸಿಕೊಂಡು ಕೂತಿತ್ತು. ಅದಕ್ಕೇ ಹೇಳುವುದು, ಬಿದಿರು ಕಡ್ಡಿಯ ತೂತಾದರೂ ಸರಿ, ಡ್ರಿಲ್ ನೆಟ್ಟಗೆ ಹಿಡಿಯಿರಿ. ಪಕ್ಕದಲ್ಲಿ ಒಂದು ಮೂಲೆಮಟ್ಟ ನಿಲ್ಲಿಸಿಕೊಳ್ಳಿ.

ಅಂಟಿನ ವಿಷಯ. ಸೂಪರ್ ಗ್ಲೂ ಈ ಫೋಮನ್ನು ತಿಂದುಹಾಕುತ್ತದೆ, ಹತ್ತಿರವೂ ತರಬೇಡಿ. ಉಬ್ಬಿಕೊಳ್ಳುವ ಪಾಲಿಯುರೇಥೇನ್ ಅಂಟು ನಾನು ಹಾಕಿದೆ. ಬೆಳಿಗ್ಗೆ ಎದ್ದು ನೋಡಿದರೆ ನೊರೆ ಉಬ್ಬಿ ಎಡ ಫೋಮನ್ನು ತಳ್ಳಿ, ಬೆನ್ನುಮೂಳೆ ಎರಡು ಮಿಲಿಮೀಟರ್ ಬಾಗಿತ್ತು. ಹದಿನಾಲ್ಕು ದಿನದ ಕೆಲಸ ಕಸದ ಬುಟ್ಟಿಗೆ. ಎಪಾಕ್ಸಿಯೇ ಸರಿ. ತೆಳ್ಳಗೆ ಹಚ್ಚಿ, ಚಪ್ಪಟೆ ಹಲಗೆ ಮೇಲಿಟ್ಟು, ಭಾರ ಹೇರಿ, ಒಂದು ರಾತ್ರಿ ಮುಟ್ಟಬೇಡಿ. ನಾನು ಹೇರಿದ್ದು ಹತ್ತು ಕಿಲೋ ಅಕ್ಕಿ ಚೀಲ.

ಕೆತ್ತುವಾಗ ಪ್ರತಿ 50 ಮಿಲಿಮೀಟರ್‌ಗೆ ಒಂದು ರಟ್ಟಿನ ಅಚ್ಚು ಇಟ್ಟುಕೊಳ್ಳಿ, ಅರ್ಧ ದುಂಡಗೆ ಕತ್ತರಿಸಿದ್ದು. ಹದಿಮೂರು ಅಚ್ಚು ಬೇಕಾದವು ನನಗೆ. ಅಚ್ಚು ಕೂರುವವರೆಗೆ ಕೆತ್ತಿ, ಆಮೇಲೆ ಅಚ್ಚಿನಿಂದ ಅಚ್ಚಿಗೆ ಉದ್ದುದ್ದಕ್ಕೆ ಉಜ್ಜಿ. ಅಡ್ಡಡ್ಡ ಉಜ್ಜಬೇಡಿ. ಅಡ್ಡ ಉಜ್ಜಿದರೆ ಸಣ್ಣ ಸಣ್ಣ ಅಲೆ ಬೀಳುತ್ತದೆ. ಈ ವಿಮಾನದಲ್ಲಿ ಅದೇ ಬೇಡವಾದದ್ದು.

ರೆಕ್ಕೆ ಎಡ-ಬಲ ಬೇರೆ ಮಾಡಬೇಡಿ. ಒಂದೇ ಹಲಗೆ, ಒಡಲಿನ ಮಧ್ಯೆ ಸೀಳು ಮಾಡಿ ತೂರಿಸಿ. ನಿಜದಲ್ಲೂ ರೆಕ್ಕೆ, ಒಡಲು, ಬಾಲ ಮೂರನ್ನೂ ಬೇರೆ ಬೇರೆ ಕಟ್ಟಿ 2021ರಲ್ಲಿ ಕೂಡಿಸಿದರು. ಕೂಡಿಸುವಾಗ ಲೇಸರ್‌ನಿಂದ ಅಳೆದರು. ನಮಗೆ ದಾರ ಸಾಕು. ಒಡಲಿನ ಮುಂತುದಿಯ ನಡುವಿಗೆ ಒಂದು ಗುಂಡುಸೂಜಿ, ಅದರಿಂದ ಎಡ ರೆಕ್ಕೆಯ ತುದಿಗೆ ದಾರ ಎಳೆದು ಗುರುತು ಮಾಡಿ. ಅದೇ ದಾರ ಬಲ ತುದಿಗೆ ಎಳೆಯಿರಿ. ಒಂದು ಮಿಲಿಮೀಟರ್ ವ್ಯತ್ಯಾಸ ಬಂದರೂ ಅಂಟು ಹಾಕಬೇಡಿ. ಉದ್ದನೆಯ ವಿಮಾನ, ಸಣ್ಣ ತಪ್ಪು ತುದಿಯಲ್ಲಿ ದೊಡ್ಡದಾಗುತ್ತದೆ.

ಮೂತಿ

ಒಟ್ಟು ಉದ್ದದ ಸುಮಾರು ಮೂರನೇ ಒಂದು ಭಾಗ ಬರೀ ಮೂತಿ. ನಮ್ಮ ಅಳತೆಯಲ್ಲಿ 310 ಮಿಲಿಮೀಟರ್. ಇಷ್ಟುದ್ದ ಯಾಕೆ? ಮೊದಲ ಶಾಕ್ ವೇವ್ ಚಿಕ್ಕದಾಗಿ ಹುಟ್ಟಲಿ, ಮುಂದಿನದು ಅದರಿಂದ ದೂರ ಇರಲಿ ಅಂತ. ದಪ್ಪ ನಿಧಾನವಾಗಿ ಏರಬೇಕು.

ಬಾಣ ಬೇಕಾದದ್ದು ಇಲ್ಲಿಗೇ. ಫೋಮಿನ ಮೂತಿ ಕೆತ್ತುವಾಗಲೇ ಮುರಿಯುತ್ತದೆ, ಮರದ್ದು ಮಳೆ-ಬಿಸಿಲಿಗೆ ಬಾಗುತ್ತದೆ. ಕಾರ್ಬನ್ ಬಾಣದ ಕಡ್ಡಿ ನೆಟ್ಟಗಿರುವುದಕ್ಕಾಗಿಯೇ ಹುಟ್ಟಿದ್ದು. ಕೊಳ್ಳುವ ಮುಂಚೆ ಅಂಗಡಿಯ ಗಾಜಿನ ಕೌಂಟರ್ ಮೇಲೆ ಉರುಳಿಸಿ ನೋಡಿ, ತುದಿ ಕುಣಿದರೆ ಬೇರೆಯದು ಕೇಳಿ. ಅದರ ಸುತ್ತ ಬಾಲ್ಸಾ ಪಟ್ಟಿ ಅಂಟಿಸಿ, ಉಜ್ಜಿ ಆಕಾರಕ್ಕೆ ತನ್ನಿ. ಹಿಂದೆ 60 ಮಿಲಿಮೀಟರ್ ಕಡ್ಡಿ ಹಾಗೇ ಬಿಡಿ. ಒಡಲಿನ ಒಳಗೆ ಆ ಕಡ್ಡಿ ಬಿಗಿಯಾಗಿ ಜಾರುವ ಹಿತ್ತಾಳೆ ಕೊಳವೆ ಕೂರಿಸಿ. ಮೂತಿ ಈಗ ಹಾಕಬಹುದು, ತೆಗೆಯಬಹುದು.

ಕೂಡುವ ಗೆರೆಯನ್ನು ಕೊನೆಗೆ ಉಜ್ಜಬೇಕು, ಮೂತಿ ಹಾಕಿಕೊಂಡೇ. ಬೇರೆ ಬೇರೆ ಉಜ್ಜಿದರೆ ಎರಡೂ ಚೆನ್ನಾಗಿರುತ್ತವೆ, ಆದರೆ ಕೂಡುವ ಕಡೆ ಮೆಟ್ಟಿಲು ಬೀಳುತ್ತದೆ. ಎರಡರ ಮಧ್ಯೆ ಒಂದು ತೆಳು ಪ್ಲಾಸ್ಟಿಕ್ ಹಾಳೆ ಇಟ್ಟು ಪುಟ್ಟಿ ಹಚ್ಚಿ, ಒಣಗಿದ ಮೇಲೆ ಹಾಳೆ ಎಳೆದುಬಿಡಿ. ಗೆರೆ ಕೂದಲಿನಷ್ಟೇ ಉಳಿಯುತ್ತದೆ. ಎಡಬಲ ತಿರುಗದಂತೆ ಪಕ್ಕದಲ್ಲಿ ಒಂದು ಸಣ್ಣ ಪಿನ್ ಕೂಡ ಹಾಕಿ.

ಪೈಲಟ್‌ಗೆ ಮುಂದೆ ಕಿಟಕಿ ಇಲ್ಲ. ಇದನ್ನು ಮೊಮ್ಮಗ ನಂಬಲೇ ಇಲ್ಲ. "ತಾತಾ, ಮತ್ತೆ ಹೇಗೆ ನೋಡ್ತಾರೆ?" ಅಂತ ನಾಲ್ಕು ಸಲ ಕೇಳಿದ. ಮಾಮೂಲಿ ಗಾಜು ಇಟ್ಟರೆ ಅಲ್ಲಿ ಆಕಾರ ಥಟ್ಟನೆ ಎದ್ದು ನಿಲ್ಲುತ್ತದೆ, ಅಲ್ಲೊಂದು ಜೋರು ಶಾಕ್ ವೇವ್ ಹುಟ್ಟುತ್ತದೆ. ಕಾನ್‌ಕಾರ್ಡ್ ಇಳಿಯುವಾಗ ಮೂತಿಯನ್ನೇ ಕೆಳಕ್ಕೆ ಬಗ್ಗಿಸುತ್ತಿತ್ತು. ಇಲ್ಲಿ ಅದೂ ಇಲ್ಲ. ಹೊರಗೆ ಕ್ಯಾಮೆರಾ, ಒಳಗೆ 4ಕೆ ಪರದೆ. ಪೈಲಟ್ ಅದನ್ನು ನೋಡಿಕೊಂಡೇ ಹಾರಿಸಬೇಕು. ಮೇಲೆ ಮತ್ತು ಪಕ್ಕಕ್ಕೆ ಮಾತ್ರ ಗಾಜು. ಹಾಗಾಗಿ ನಿಮ್ಮ ಮಾದರಿಯಲ್ಲಿ ಗಾಜಿನ ಮುಂದೆ ಒಡಲಿನ ಗೆರೆ ಸುಮ್ನೆ ಹಾಗೇ ಹರಿದು ಬಂದು ಗಾಜಿಗೆ ಸೇರಬೇಕು. ತುಂಬಾ ಜನ ಅಭ್ಯಾಸಬಲದಿಂದ ಅಲ್ಲೊಂದು ಯುದ್ಧವಿಮಾನದ ಗಾಜಿನ ಗುಳ್ಳೆ ಇಟ್ಟುಬಿಡುತ್ತಾರೆ. ಎಕ್ಸ್-59 ಅಲ್ಲೇ ಸತ್ತ ಹಾಗೆ.

ಆ ಗಾಜಿನ ಮುಚ್ಚಳ ಟಿ-38 ಎಂಬ ತರಬೇತಿ ವಿಮಾನದ್ದು. ಕೂರುವ ಸೀಟೂ ಅದರದ್ದೇ. ಚಕ್ರಗಳು ಎಫ್-16ರದ್ದು. ಹಾಂ, ಅದಕ್ಕೇ ಹಾಬಿ ಅಂಗಡಿಯ 1:32 ಎಫ್-16 ಚಕ್ರ ಅಂದದ್ದು. ಒಂದೇ ಒಂದು ವಿಮಾನ ಕಟ್ಟುವಾಗ ಪ್ರತಿಯೊಂದನ್ನೂ ಹೊಸದಾಗಿ ಮಾಡುತ್ತಾ ಕೂತರೆ ಮುಗಿಯುವುದಿಲ್ಲ. ಆಕಾರ ಮಾತ್ರ ಹೊಸದು, ಒಳಗಿನ ಎಷ್ಟೋ ಸಾಮಾನು ಹಳೆ ವಿಮಾನಗಳಿಂದ ಬಂದದ್ದು. ಗುಜರಿ ಅಂಗಡಿಯ ಬುದ್ಧಿ ಅಂತ ನಗಬೇಡಿ, ನನಗಂತೂ ಇದು ತುಂಬಾ ಇಷ್ಟವಾಯಿತು.

ಎಂಜಿನ್ ಬೆನ್ನ ಮೇಲೆ

ಎಂಜಿನ್ ಒಂದೇ, ಜಿಇ ಕಂಪನಿಯ ಎಫ್414. ನಮ್ಮ ತೇಜಸ್ ಮಾರ್ಕ್ 2ಕ್ಕೆ ಆರಿಸಿರುವುದೂ ಇದೇ ಕುಟುಂಬದ ಎಂಜಿನ್. ಅದನ್ನು ಒಡಲಿನ ಮೇಲ್ಭಾಗದಲ್ಲಿ ಕೂರಿಸಿದ್ದಾರೆ. ಗಾಳಿ ಒಳಗೆ ಹೋಗುವ ಬಾಯಿಯೂ ಬೆನ್ನ ಮೇಲೇ ಇದೆ. ಅಲ್ಲಿ ಹುಟ್ಟುವ ಶಾಕ್ ವೇವ್ ಮೇಲಕ್ಕೆ ಹೋಗಲಿ, ಕೆಳಗಿನವರಿಗೆ ಕೇಳದಿರಲಿ ಅಂತ.

ಎಫ್414ರ ಅಡ್ಡಳತೆ 35 ಇಂಚು. 32ರಿಂದ ಭಾಗಿಸಿದರೆ ಹತ್ತಿರಹತ್ತಿರ 28 ಮಿಲಿಮೀಟರ್. ಇಲ್ಲಿನ ಮುಕ್ಕಾಲು ಇಂಚಿನ ಪಿವಿಸಿ ಪೈಪಿನ ಹೊರ ಅಳತೆ 26.7. ಮೇಲೆ ಕಾಗದ ಸುತ್ತಿ ಅಂಟಿಸಿದರೆ ಸರಿಯಾಗುತ್ತದೆ. ಒಡಲಿನ ಮೇಲ್ಭಾಗದಲ್ಲಿ ತೋಡಿ ಅದನ್ನು ಕೂರಿಸಿ, ಒಳಗೆ ಕಪ್ಪು ಬಳಿಯಿರಿ. ಹಿಂದೆ ಬೆಂಕಿ ಬರುವ ಬಾಯಿಯ ಕೆಳಗೆ ಒಡಲು ಒಂದು ಜಗಲಿಯ ಹಾಗೆ ಚಾಚಿಕೊಂಡಿರುತ್ತದೆ. ಅದನ್ನು ಮರೆಯಬೇಡಿ, ಅದೂ ಕೆಳಗಿನವರಿಂದ ಮರೆಮಾಡಲು ಇರುವುದೇ.

ಬಾಲದ ಕಂಬದ ತುದಿಯಲ್ಲಿ ಒಂದು ಪುಟ್ಟ ಅಡ್ಡ ರೆಕ್ಕೆ ಇದೆ. ನೋಡಲು ಯಾರೋ ಮರೆತು ಬಿಟ್ಟುಹೋದ ಹಾಗೆ. ಹಿಂದಿನ ಶಾಕ್ ವೇವ್‌ಗಳನ್ನು ಹಂಚಲು ಅದು ಬೇಕು. ಕೆಳಗೆ ಎರಡು ದೊಡ್ಡ ಬಾಲ ರೆಕ್ಕೆ, ಪೈಲಟ್ ಹತ್ತಿರ ಎರಡು ಸಣ್ಣ ರೆಕ್ಕೆ. ಇವೆಲ್ಲ ಬಾಲ್ಸಾದಲ್ಲಿ ಒಂದು ಸಂಜೆಯ ಕೆಲಸ.

ಈಗ ತೂಕ ನೋಡಿ. ಪಿವಿಸಿ ಹಿಂದೆ ಭಾರ. ರೆಕ್ಕೆಯ ಕೆಳಗೆ ಎರಡು ಬೆರಳಿಟ್ಟು ಎತ್ತಿದರೆ ಹಿಂದಿನ ಚಕ್ರ ಬರುವ ಜಾಗಕ್ಕಿಂತ ಮುಂದೆ ತೂಗಬೇಕು. ಇಲ್ಲದಿದ್ದರೆ ಮೇಜಿನ ಮೇಲಿಟ್ಟ ಕೂಡಲೇ ಬಾಲ ಊರಿ ಕೂರುತ್ತದೆ. ಮುಂಭಾಗದಲ್ಲಿ ಬೆನ್ನುಮೂಳೆಯ ಪಕ್ಕ ತೋಡಿ ನಾಲ್ಕೈದು ಕಬ್ಬಿಣದ ನಟ್ ಹಾಕಿ ಮುಚ್ಚಿ. ಮುಂದಿನ ಚಕ್ರ ಮೂತಿಯಿಂದ ಬಹಳ ಹಿಂದಿದೆ, ಚಿತ್ರ ನೋಡಿಯೇ ಕೂರಿಸಿ.

ಹೊಟ್ಟೆ

ಇಷ್ಟು ಹೊತ್ತು ಹೇಳಿದ್ದು ಒಂದು ತೂಕ, ಇದು ಒಂದು ತೂಕ.

ಮಾಮೂಲಿ ವಿಮಾನದಲ್ಲಿ ಬೇಡದ್ದೆಲ್ಲ ಹೊಟ್ಟೆಗೆ ಹೋಗುತ್ತದೆ. ಆಂಟೆನಾ, ನೀರು ಬಸಿಯುವ ಕೊಳವೆ, ಕೆಲಸದವರು ಕೈ ಹಾಕುವ ಬಾಗಿಲುಗಳು. ಯಾರು ನೋಡುತ್ತಾರೆ ಅಂತ. ಈ ವಿಮಾನದಲ್ಲಿ ಉಲ್ಟಾ. ಹೊಟ್ಟೆ ಎಷ್ಟು ನುಣುಪೋ ಅಷ್ಟು ಒಳ್ಳೆಯದು. ಬೆನ್ನ ಮೇಲೆ ಸ್ವಲ್ಪ ಸೊಟ್ಟಗಿದ್ದರೂ ನೆಲಕ್ಕೆ ಕೇಳುವುದು ಕಡಿಮೆ.

ನಿಮ್ಮ ಮಾದರಿಯಲ್ಲಿ ಅರ್ಧ ಮಿಲಿಮೀಟರ್ ಮೆಟ್ಟಿಲು ಬಿಟ್ಟರೆ ನಿಜ ಅಳತೆಯಲ್ಲಿ ಅದು 16 ಮಿಲಿಮೀಟರ್. ನನ್ನ ಕಿರುಬೆರಳಿನಷ್ಟು ದಪ್ಪದ ಮೆಟ್ಟಿಲು. ನಮ್ಮ ಶಾಪ್‌ನಲ್ಲಿ ಅಂಥದ್ದನ್ನು ಇನ್‌ಸ್ಪೆಕ್ಷನ್‌ನವರ ಮುಂದೆ ಇಡಲೂ ಧೈರ್ಯ ಬರುತ್ತಿರಲಿಲ್ಲ.

ಪುಟ್ಟಿ ತೆಳ್ಳಗೆ ಹಚ್ಚಿ, ಒಣಗಿಸಿ, 220ರಲ್ಲಿ ಉಜ್ಜಿ. ಮೇಲೆ ತೆಳು ಟಿಶ್ಯೂ ಕಾಗದವನ್ನು ನೀರು ಬೆರೆಸಿದ ಬಿಳಿ ಮರದಂಟಿನಲ್ಲಿ ಅಂಟಿಸಿ. ಆಮೇಲೆ ಎರಡು ಕೋಟ್ ಎಪಾಕ್ಸಿ. ಫೋಮ್ ಎಲ್ಲೂ ಇಣುಕಬಾರದು, ಇಣುಕಿದರೆ ಸ್ಪ್ರೇ ಬಣ್ಣದ ದ್ರಾವಕ ಅಲ್ಲೇ ಕರಗಿಸಿ ಗುಂಡಿ ಮಾಡುತ್ತದೆ. ಎಪಾಕ್ಸಿ ಗಟ್ಟಿಯಾದ ಮೇಲೆ ಬೂದು ಪ್ರೈಮರ್, 400ರಲ್ಲಿ ನೀರು ಹಾಕಿ ಉಜ್ಜುವುದು. ಒಟ್ಟಿಗೇ ಜಾಸ್ತಿ ಕಲಸಿದರೆ ಎಪಾಕ್ಸಿ ಬಟ್ಟಲಲ್ಲೇ ಬಿಸಿಯಾಗಿ ಹೆಪ್ಪುಗಟ್ಟುತ್ತದೆ. ಸ್ವಲ್ಪ ಸ್ವಲ್ಪವೇ ಕಲಸಿ.

ಈಗ ಗ್ಯಾರೇಜಿನ ದೀಪ ಆರಿಸಿ. ವಿಮಾನ ಅಂಗಾತ ಮಲಗಿಸಿ, ಟಾರ್ಚನ್ನು ಹೊಟ್ಟೆಗೆ ಒರಗಿಸಿ ಉದ್ದಕ್ಕೆ ಬೆಳಕು ಬಿಡಿ. ಹಗಲಲ್ಲಿ ಕನ್ನಡಿಯಂತಿದ್ದದ್ದು ಈಗ ಹೊಲದ ಸಾಲಿನ ಹಾಗೆ ಕಾಣುತ್ತದೆ. ಪ್ರತಿ ನೆರಳಿನ ಪಕ್ಕ ಪೆನ್ಸಿಲ್ ಗುರುತು ಹಾಕಿ. ಆಮೇಲೆ ಕಣ್ಣು ಮುಚ್ಚಿ, ಬೆರಳಿಗೂ ಮೈಗೂ ನಡುವೆ ಒಂದು ತೆಳು ಹತ್ತಿ ಬಟ್ಟೆ ಇಟ್ಟು ನಿಧಾನವಾಗಿ ಸವರಿ. ಬರಿಗೈಗಿಂತ ಬಟ್ಟೆ ಜಾಸ್ತಿ ಹೇಳುತ್ತದೆ. ಯಾಕೆ ಅಂದರೆ ಚರ್ಮ ಅಂಟಿಕೊಳ್ಳುವುದಿಲ್ಲ, ಉಬ್ಬು ಮಾತ್ರ ತಿಳಿಯುತ್ತದೆ. ನಾನು ಹಾಕಿದ ಗುರುತು ನಲವತ್ತೊಂದು. ಮೂರನೇ ಸುತ್ತಿಗೆ ಆರಕ್ಕೆ ಇಳಿಯಿತು. ರೆಕ್ಕೆ ಒಡಲಿಗೆ ಸೇರುವ ಎಡ ಮೂಲೆಯಲ್ಲಿ ಒಂದು ಉಬ್ಬು ನಾಲ್ಕು ದಿನ ಕಾಡಿತು. ಉಜ್ಜಿದಷ್ಟೂ ಇರುತ್ತಿತ್ತು. ಕೊನೆಗೆ ನೋಡಿದರೆ ಅದು ಉಬ್ಬೇ ಅಲ್ಲ, ಪಕ್ಕದಲ್ಲಿ ಗುಂಡಿ ಇತ್ತು. ಗುಂಡಿ ತುಂಬಿದ ಮೇಲೆ ಉಬ್ಬು ಮಾಯ.

ಬಣ್ಣ ಸುಲಭ: ಮೈ ಬಿಳಿ, ಹೊಟ್ಟೆ ನೀಲಿ, ರೆಕ್ಕೆಗೆ ಕೆಂಪು. ಗಾಳಿ ಬೀಸುವ ದಿನ ಗ್ಯಾರೇಜ್ ಬಾಗಿಲು ತೆಗೆಯಬೇಡಿ. ಈ ಮರುಭೂಮಿಯ ಮರಳು ಒಂದೇ ನಿಮಿಷದಲ್ಲಿ ನೀಲಿಯನ್ನು ಉಪ್ಪುಕಾಗದ ಮಾಡುತ್ತದೆ.

ಅವಸರ ಮಾಡಬೇಡಿ ಅಂತ ಹೇಳಲು ನನ್ನ ಹತ್ತಿರ ಅವರದೇ ಲೆಕ್ಕ ಇದೆ. ಗುತ್ತಿಗೆ ಸಿಕ್ಕಿದ್ದು 2018ರ ಏಪ್ರಿಲ್. ಕೂಡಿಸಿದ ಒಡಲನ್ನು ಟೆಕ್ಸಾಸ್‌ನ ಫೋರ್ಟ್ ವರ್ತ್‌ಗೆ ಒಯ್ದು, ಹಾರುವಾಗ ಬೀಳುವ ಭಾರವನ್ನು ನೆಲದಲ್ಲೇ ಹೇರಿ ನೋಡಿ, 2022ರಲ್ಲಿ ವಾಪಸ್ ತಂದರು. ಅದೇ ನವೆಂಬರ್‌ನಲ್ಲಿ ಎಂಜಿನ್ ಕೂರಿಸಿದರು. 2024ರ ಜನವರಿ 12ಕ್ಕೆ ಹೊರಗೆ ಎಳೆದು ಜನರಿಗೆ ತೋರಿಸಿದರು. ಎಂಜಿನ್ ಮೊದಲ ಸಲ ಉರಿಸಿದ್ದು ಆ ವರ್ಷದ ಅಕ್ಟೋಬರ್ ಕೊನೆಗೆ. ವಿಮಾನ ನೆಲದಲ್ಲೇ ನಿಂತಿದ್ದು, ಕಂಪ್ಯೂಟರ್‌ಗಳಿಗೆ ಮಾತ್ರ ಹಾರುತ್ತಿದ್ದೇನೆ ಅನ್ನಿಸುವ ಪರೀಕ್ಷೆ ಬೇರೆ. 2025ರ ಜುಲೈನಲ್ಲಿ ರನ್‌ವೇ ಮೇಲೆ ಓಡಿಸಿದರು. ಅಕ್ಟೋಬರ್‌ನಲ್ಲಿ ನಿಲ್ಸ್ ಲಾರ್ಸನ್ ಎಂಬ ನಾಸಾ ಪೈಲಟ್ ಅದನ್ನು ಚಕ್ರ ಕೆಳಗಿಟ್ಟುಕೊಂಡೇ ಎಡ್ವರ್ಡ್ಸ್‌ಗೆ ಹಾರಿಸಿಕೊಂಡು ಹೋದರು. ಸದ್ದಿನ ವೇಗಕ್ಕೆ ಎಷ್ಟೋ ಕೆಳಗೆ. 55,000 ಅಡಿಯಲ್ಲಿ ಮ್ಯಾಕ್ 1.4, ಅಂದರೆ ಸದ್ದಿನ ವೇಗದ 1.4 ಪಟ್ಟು, ಹೋಗಲೆಂದೇ ಹುಟ್ಟಿದ ವಿಮಾನದ ಮೊದಲ ದಿನ ಅಷ್ಟೇ.

ಮಾದರಿಯನ್ನು ಎಲ್ಲರೂ ಕೋಲಿನ ಮೇಲೆ ನಿಲ್ಲಿಸುತ್ತಾರೆ. ನೀವು ಒಂದು ಉದ್ದ ಕನ್ನಡಿ ತಂದು ಅದರ ಮೇಲೆ ಚಕ್ರ ಊರಿಸಿ ನಿಲ್ಲಿಸಿ. ಹೊಟ್ಟೆ ಕಾಣಬೇಕಲ್ವಾ. ನನ್ನದು ಒಂದು ತಿಂಗಳು ಮಗಳ ಹಾಲ್‌ನಲ್ಲಿ ಹಾಗೇ ನಿಂತಿತ್ತು. ಬಂದವರೆಲ್ಲ ಮೂತಿ ಮುಟ್ಟಿ ಹೋದರು. ಮೊಮ್ಮಗ ಮಾತ್ರ ಟಾರ್ಚ್ ತಂದು ಕನ್ನಡಿಯ ಪಕ್ಕ ಮಲಗಿ, "ತಾತಾ, ಇಲ್ಲೊಂದು ಉಬ್ಬಿದೆ" ಅಂದ. ಇತ್ತು. ಬಲ ಚಕ್ರದ ಹಿಂದೆ.

ಈಗ ಪ್ಯಾಕಿಂಗ್ ನಡೆದಿದೆ. ಒಡಲು ಸೂಟ್‌ಕೇಸಿನಲ್ಲಿ, ನನ್ನಾಕೆಯ ಎರಡು ಕಾಟನ್ ಸೀರೆಗಳ ನಡುವೆ. ಮೂತಿ ಬೇರೆ, ಎರಡೂ ಕಡೆ ಮುಚ್ಚಳ ಹಾಕಿದ ಪೈಪಿನೊಳಗೆ. ಅದನ್ನೂ ಲಗೇಜಿಗೇ ಹಾಕುತ್ತಿದ್ದೇನೆ. ಪೈಪಿನೊಳಗೆ ಒಂದಡಿ ಉದ್ದದ ಚೂಪು ಮೂತಿ, ಅದರೊಳಗೆ ಬಾಣದ ಕಡ್ಡಿ. ಕೈಚೀಲದಲ್ಲಿಟ್ಟರೆ ವಿಮಾನ ನಿಲ್ದಾಣದಲ್ಲಿ ಸ್ಕ್ಯಾನರ್ ಮುಂದೆ ಕೂತವರಿಗೆ ಇದನ್ನೆಲ್ಲ ಮೊದಲಿಂದ ಹೇಳಬೇಕಾಗುತ್ತದೆ.